ಬ್ಲಾಕ್ ಅಲ್ಲೇ ಉಳಿಯುತ್ತದೆ: ಬೈಪಾಸ್ ಶಸ್ತ್ರಚಿಕಿತ್ಸೆ ನಿಜವಾಗಿ ಮಾಡುವುದೇನು?

ಕಲಬುರಗಿ ನಗರದಲ್ಲಿರಲಿ, ಬೀದರ್ ಅಥವಾ ಯಾದಗಿರಿಯ ಹಳ್ಳಿಯಲ್ಲಿರಲಿ, ಮನೆಯ ಹಿರಿಯರೊಬ್ಬರಿಗೆ ಆಂಜಿಯೋಗ್ರಾಂ ಆಯಿತೆಂಬ ಸುದ್ದಿ ತಿಳಿದ ಕೂಡಲೇ ಬಂಧುಬಳಗದವರು ಕೇಳುವ ಮೊದಲ ಮಾತು ‘ಎಷ್ಟ್ ಬ್ಲಾಕ್ ಅದಾವಂತ?’ ಎಂಬುದು. ಒಂದೋ ಎರಡೋ ಇದ್ದರೆ ಸ್ಟೆಂಟ್ (ಕಿರಿದಾದ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ), ಮೂರಾದರೆ ಬೈಪಾಸ್ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಅದರ ಜೊತೆಗೇ ಇನ್ನೊಂದು ನಂಬಿಕೆಯೂ ಬೇರೂರಿದೆ: ಎದೆ ತೆರೆದು, ಹೃದಯದ ನಾಳದಲ್ಲಿ ಕಟ್ಟಿಕೊಂಡದ್ದನ್ನೆಲ್ಲ ಕೆರೆದು ತೆಗೆದು, ಹೃದಯವನ್ನು ಹೊಸದರಂತೆ ಮಾಡಿ ಮುಚ್ಚುವುದೇ ಬೈಪಾಸ್ ಎಂದು. ಎರಡೂ ಸರಿಯಲ್ಲ. ಬೈಪಾಸ್ ಮಾಡುವ ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಬ್ಲಾಕ್ ಅನ್ನು ಮುಟ್ಟುವುದೇ ಇಲ್ಲ. ಆಪರೇಷನ್ ಮುಗಿದು ರೋಗಿ ಮನೆಗೆ ಹೋದ ಮೇಲೂ ಅದು ತಾನಿದ್ದ ಜಾಗದಲ್ಲೇ ಇರುತ್ತದೆ. ಈ ಸಂಗತಿ ಮನಸ್ಸಿಗೆ ಬಂದರೆ, ಕೆಲವರಿಗೆ ಸ್ಟೆಂಟ್ ಸಾಕಾಗಿ ಇನ್ನು ಕೆಲವರಿಗೆ ಎದೆಯನ್ನೇ ತೆರೆಯಬೇಕಾಗುವುದು ಏಕೆ, ಕಾಲಿನಿಂದ ನಾಳ ತೆಗೆಯುವುದು ಏಕೆ, ಆಪರೇಷನ್ ಆದ ಮೇಲೂ ಬದುಕಿನುದ್ದಕ್ಕೂ ಮಾತ್ರೆ ಏಕೆ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತವೆ.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ಅದರ ಕೋಣೆಗಳಲ್ಲಿ ಸದಾ ರಕ್ತ ತುಂಬಿ ಹರಿಯುತ್ತಿದ್ದರೂ ಹೃದಯದ ದಪ್ಪ ಸ್ನಾಯು ಆ ರಕ್ತದಿಂದ ತನಗೆ ಬೇಕಾದ ಆಮ್ಲಜನಕವನ್ನು ನೇರವಾಗಿ ಹೀರಿಕೊಳ್ಳಲಾರದು. ಅದಕ್ಕೆಂದೇ ಬೇರೆ ನಾಳಗಳಿವೆ. ಇವನ್ನು ಕರೊನರಿ ಅಪಧಮನಿಗಳೆನ್ನುತ್ತಾರೆ. ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಪಧಮನಿ ಹೃದಯದಿಂದ ಹೊರಬರುವ ಬುಡದಲ್ಲೇ ಎಡಕ್ಕೊಂದು, ಬಲಕ್ಕೊಂದು ಕವಲು ಹೊರಡುತ್ತವೆ. ಎಡಗಡೆಯ ಗಿಡ್ಡ ಕಾಂಡಕ್ಕೆ ‘ಲೆಫ್ಟ್ ಮೇನ್’ ಎಂದು ಹೆಸರು. ಅದು ಬೇಗನೆ ಇಬ್ಭಾಗವಾಗಿ, ಒಂದು ಶಾಖೆ ಹೃದಯದ ಮುಂಭಾಗದಲ್ಲಿ ಕೆಳಗಿಳಿಯುತ್ತದೆ, ಇನ್ನೊಂದು ಪಕ್ಕದಿಂದ ಬಳಸಿ ಹಿಂದಕ್ಕೆ ಹೋಗುತ್ತದೆ. ಮುಂದೆ ಇಳಿಯುವ ಶಾಖೆಯೇ ವೈದ್ಯರ ಚೀಟಿಯಲ್ಲಿ ಕಾಣುವ ‘ಎಲ್‌ಎಡಿ’. ದೇಹಕ್ಕೆ ರಕ್ತ ತಳ್ಳುವ ಎಡ ಕೆಳಕೋಣೆಯ ಅರ್ಧದಷ್ಟು ಸ್ನಾಯುವಿಗೆ ಇದೊಂದೇ ಆಧಾರ. ಆದ್ದರಿಂದ ಚಿಕ್ಕ ಕವಲುಗಳ ಮೂರು ಬ್ಲಾಕ್‌ಗಳಿಗಿಂತ ಎಲ್‌ಎಡಿಯ ಆರಂಭದಲ್ಲಿರುವ ಒಂದೇ ಬ್ಲಾಕ್ ಹೆಚ್ಚು ಅಪಾಯಕಾರಿಯಾಗಬಹುದು. ಎಷ್ಟಿವೆ ಎನ್ನುವುದಕ್ಕಿಂತ ಎಲ್ಲಿವೆ ಎಂದು ಕೇಳುವುದು ಲೇಸು.

ಹೃದಯಸ್ನಾಯುವಿಗೆ ಇನ್ನೊಂದು ವಿಶೇಷವಿದೆ. ಕೈಕಾಲಿನ ಸ್ನಾಯುಗಳು ವಿಶ್ರಾಂತಿಯಲ್ಲಿದ್ದಾಗ ತಮಗೆ ಬಂದ ರಕ್ತದಲ್ಲಿನ ಆಮ್ಲಜನಕದ ಸಣ್ಣ ಪಾಲನ್ನು ಮಾತ್ರ ಬಳಸಿ, ದುಡಿಮೆ ಹೆಚ್ಚಿದಾಗ ಅದೇ ರಕ್ತದಿಂದ ಇನ್ನಷ್ಟನ್ನು ಹಿಂಡಿಕೊಳ್ಳಬಲ್ಲವು. ಹೃದಯವಾದರೋ ವಿಶ್ರಾಂತಿಯಲ್ಲೇ ನೂರಕ್ಕೆ ಸುಮಾರು 70 ಪಾಲು ಹೀರಿಬಿಟ್ಟಿರುತ್ತದೆ. ಕೆಲಸ ಹೆಚ್ಚಾದಾಗ ಅದಕ್ಕೆ ಹೆಚ್ಚು ರಕ್ತವೇ ಬೇಕು, ಬೇರೆ ದಾರಿಯಿಲ್ಲ. ಆರೋಗ್ಯವಂತ ನಾಳಗಳು ಹಿಗ್ಗಿ ಹರಿವನ್ನು ನಾಲ್ಕೈದು ಪಟ್ಟು ಏರಿಸುತ್ತವೆ. ನೂರಕ್ಕೆ 70ರಷ್ಟು ಕಿರಿದಾದ ನಾಳಕ್ಕೆ ಅದು ಸಾಧ್ಯವಾಗುವುದಿಲ್ಲ. ಮನೆಯಲ್ಲಿ ಕುಳಿತಾಗ ಏನೂ ಅನ್ನಿಸದ ವ್ಯಕ್ತಿಗೆ ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಅರ್ಧ ಮೈಲು ನಡೆದರೆ ಎದೆ ಹಿಡಿದಂತಾಗಿ, ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುವುದು ಇದೇ ಕಾರಣಕ್ಕೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ನರಗಳು ಮಂದವಾಗಿ ಈ ನೋವು ಬಾರದೆಯೂ ಇರಬಹುದು. ಅವರಿಗೆ ಮೊದಲು ಕಾಣುವುದು ದಮ್ಮು, ಇಲ್ಲವೇ ಹಿಂದೆಂದೂ ಇಲ್ಲದ ಸುಸ್ತು. ಅದನ್ನು ‘ಗ್ಯಾಸ್’ ಎಂದು ವಾರಗಟ್ಟಲೆ ಸೋಡಾ ಕುಡಿದು ಕಳೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ನಾಳ ಕಿರಿದಾಗುವುದು ಕೊಳವೆಯಲ್ಲಿ ಕೊಬ್ಬು ಮೆತ್ತಿಕೊಂಡಂತೆ ಎಂದು ಹೇಳುವುದು ರೂಢಿಯಾದರೂ ಅದು ಪೂರ್ತಿ ನಿಜವಲ್ಲ. ಕೆಟ್ಟ ಕೊಲೆಸ್ಟರಾಲ್ ಎಂದು ಕರೆಯುವ ಎಲ್‌ಡಿಎಲ್ ನಾಳದ ಗೋಡೆಯ ಒಳಪದರವನ್ನು ದಾಟಿ ಗೋಡೆಯೊಳಗೇ ಸೇರುತ್ತದೆ. ಅದನ್ನು ತಿಂದುಹಾಕಲು ಬಂದ ರಕ್ಷಣಾ ಕಣಗಳು ಅಲ್ಲೇ ಉಬ್ಬಿ ಸಾಯುತ್ತವೆ. ಸುತ್ತ ನಾರು ಬೆಳೆಯುತ್ತದೆ, ಸುಣ್ಣದಂಶ ಕಟ್ಟುತ್ತದೆ. ತಂಬಾಕು, ಏರಿದ ಬಿಪಿ, ಏರಿದ ಸಕ್ಕರೆ ಇವು ಒಳಪದರವನ್ನು ಹಾಳುಮಾಡಿ ಈ ಕೆಲಸಕ್ಕೆ ವೇಗ ಕೊಡುತ್ತವೆ. ಹೀಗೆ ಗೋಡೆಯೇ ರೋಗಗ್ರಸ್ತವಾದಾಗ ಕೆರೆದು ತೆಗೆಯಲು ಅಲ್ಲಿ ಬೇರೆಯಾದ ವಸ್ತುವೇ ಇರುವುದಿಲ್ಲ. ಇನ್ನೂ ಮುಖ್ಯವಾದದ್ದು, ಹೃದಯಾಘಾತಗಳಲ್ಲಿ ಹಲವು ಉಂಟಾಗುವುದು ಆಂಜಿಯೋಗ್ರಾಂನಲ್ಲಿ ಭಯ ಹುಟ್ಟಿಸುವ 90 ಪ್ರತಿಶತದ ಬ್ಲಾಕ್‌ನಿಂದಲ್ಲ. 40–50 ಪ್ರತಿಶತವಷ್ಟೇ ಇದ್ದ, ಯಾರೂ ಲೆಕ್ಕಕ್ಕೆ ಹಿಡಿಯದ ಜಾಗದ ತೆಳು ಪೊರೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಒಮ್ಮೆಲೇ ಮುಚ್ಚುವುದರಿಂದ. ಹಾಗೆ ಎದೆನೋವು ಈಗಷ್ಟೇ ಶುರುವಾಗಿರುವ ರೋಗಿಯ ಮುಂದೆ ಬೈಪಾಸ್‌ನ ಚರ್ಚೆ ಬೇಡ. ಅವರಿಗೆ ಬೇಕಾದುದು ಹತ್ತಿರದ ತಾಲೂಕು ಆಸ್ಪತ್ರೆಯ ಇಸಿಜಿ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್, ಇಲ್ಲವೇ ಅಂಥ ಕೇಂದ್ರ ಹತ್ತಿರದಲ್ಲಿದ್ದರೆ, ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ತುರ್ತು ಆಂಜಿಯೋಪ್ಲಾಸ್ಟಿ. ಬೈಪಾಸ್ ಬಹುಪಾಲು ಯೋಚಿಸಿ, ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆ.

ಸುರಪುರ, ಶಹಾಪುರ ಕಡೆಯ ರೈತರಿಗೆ ಇದರ ತತ್ವ ಬಿಡಿಸಿ ಹೇಳಬೇಕಾಗಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ವಿತರಣಾ ಕಾಲುವೆಯೊಂದರಲ್ಲಿ ನಡುನಡುವೆ ಹೂಳು ತುಂಬಿ ಕೊನೆಯ ಹೊಲಗಳಿಗೆ ನೀರು ಹತ್ತದಾದಾಗ ಎರಡು ಉಪಾಯಗಳಿವೆ. ಹೂಳಿರುವ ಒಂದೊಂದು ಜಾಗವನ್ನೂ ಅಗಲಿಸುವುದು ಮೊದಲನೆಯದು. ಮುಖ್ಯ ಕಾಲುವೆಯಿಂದಲೇ ಬೇರೆ ಪೈಪು ತಂದು ಎಲ್ಲ ಹೂಳನ್ನೂ ದಾಟಿಸಿ ಕೆಳಗಡೆ ಕೂಡಿಸುವುದು ಎರಡನೆಯದು. ಸ್ಟೆಂಟ್ ಮೊದಲನೆಯ ಉಪಾಯ, ಬೈಪಾಸ್ ಎರಡನೆಯದು. ಎರಡನೆಯದರ ಲಾಭ ಇಲ್ಲಿದೆ: ನಾಳೆ ಮೇಲಿನ ಭಾಗದಲ್ಲಿ ಇನ್ನೊಂದು ಕಡೆ ಹೂಳು ನಿಂತರೂ ಕೆಳಗಿನ ಹೊಲ ಒಣಗುವುದಿಲ್ಲ.

ಬೈಪಾಸ್ ಮತ್ತು ಸ್ಟೆಂಟ್ ನಡುವಣ ಆಯ್ಕೆಯ ತಿರುಳು ಇದೇ. ಕರೊನರಿ ರೋಗ ಹೆಚ್ಚಾಗಿ ನಾಳದ ಮೇಲ್ಭಾಗದ ಮೂರನೇ ಒಂದು ಪಾಲಿನಲ್ಲಿ ಮನೆಮಾಡುತ್ತದೆ, ಕೆಳಭಾಗ ಬಹಳ ಸಲ ಚೆನ್ನಾಗಿ ಉಳಿದಿರುತ್ತದೆ. ಸ್ಟೆಂಟ್ ತಾನು ಕುಳಿತ ಎರಡು ಮೂರು ಸೆಂಟಿಮೀಟರ್ ಜಾಗವನ್ನಷ್ಟೇ ತೆರೆದಿಡುತ್ತದೆ. ಬೈಪಾಸ್ ನಾಳ ಕೆಳಭಾಗಕ್ಕೆ ಬಂದು ಸೇರುವುದರಿಂದ ಇಂದಿನ ಬ್ಲಾಕ್‌ನ ಜೊತೆಗೆ, ನಾಳೆ ಬಿರಿಯಬಹುದಾದ 40 ಪ್ರತಿಶತದ ಜಾಗಕ್ಕೂ ಮುಂಗಡವಾಗಿ ರಕ್ಷಣೆ ಸಿಗುತ್ತದೆ. ನಾಳದುದ್ದಕ್ಕೂ ರೋಗ ಹರಡಿಕೊಂಡಿರುವ ಮಧುಮೇಹಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2012ರಲ್ಲಿ ಪ್ರಕಟವಾದ ‘ಫ್ರೀಡಂ’ ಎಂಬ ಅಧ್ಯಯನ, ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ರೋಗವಿದ್ದ 1,900 ಮಧುಮೇಹಿಗಳನ್ನು ಎರಡು ಗುಂಪು ಮಾಡಿ ಗಮನಿಸಿತು. ಐದು ವರ್ಷಗಳಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಇವುಗಳಲ್ಲಿ ಒಂದಾದರೂ ಸಂಭವಿಸಿದ ಪ್ರಮಾಣ ಸ್ಟೆಂಟ್ ಪಡೆದವರಲ್ಲಿ 26.6 ಪ್ರತಿಶತ, ಬೈಪಾಸ್ ಆದವರಲ್ಲಿ 18.7 ಪ್ರತಿಶತ. ಪಾರ್ಶ್ವವಾಯುವಿನದು ಮಾತ್ರ ಉಲ್ಟಾ ಲೆಕ್ಕ: ಬೈಪಾಸ್‌ನಲ್ಲಿ 5.2, ಸ್ಟೆಂಟ್‌ನಲ್ಲಿ 2.4. ಲಾಭ ದೊಡ್ಡದು, ಆದರೆ ಅದಕ್ಕೆ ಬೆಲೆಯೂ ಇದೆ ಎಂಬುದನ್ನು ಈ ಎರಡನೆಯ ಅಂಕಿ ಮರೆಯಗೊಡುವುದಿಲ್ಲ.

ಲೆಫ್ಟ್ ಮೇನ್‌ನಲ್ಲಿ 50 ಪ್ರತಿಶತಕ್ಕಿಂತ ಹೆಚ್ಚು ಸಂಕೋಚ, ಮೂರೂ ಮುಖ್ಯ ನಾಳಗಳಲ್ಲಿ ಜಟಿಲವಾದ ರೋಗ, ಹೃದಯದ ಪಂಪಿಂಗ್ ಶಕ್ತಿ ಕುಗ್ಗಿರುವುದು, ಇವುಗಳಲ್ಲಿ ಯಾವುದಿದ್ದರೂ, ಅದರಲ್ಲೂ ಜೊತೆಗೆ ಮಧುಮೇಹ ಇದ್ದಲ್ಲಿ, ಬೈಪಾಸ್‌ನ ಕಡೆ ತಕ್ಕಡಿ ವಾಲುತ್ತದೆ. ಒಂದೆರಡು ಜಾಗದ ಸರಳ ಬ್ಲಾಕ್ ಇದ್ದರೆ, ಅಥವಾ ಶ್ವಾಸಕೋಶ, ಕಿಡ್ನಿ ತೀರಾ ದುರ್ಬಲವಾಗಿ ದೊಡ್ಡ ಆಪರೇಷನ್ ತಾಳಲಾರದ ಸ್ಥಿತಿಯಿದ್ದರೆ, ಸ್ಟೆಂಟ್ ಮೇಲು. ಔಷಧಿಯೊಂದರಲ್ಲೇ ನಿಭಾಯಿಸಬಹುದಾದ ಸ್ಥಿರ ರೋಗಿಗಳೂ ಹಲವರಿದ್ದಾರೆ. ಬೈಪಾಸ್ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ, ಅದನ್ನು ಮನೆಯವರು ಒಪ್ಪುವುದು ಕಷ್ಟ: ಬ್ಲಾಕ್‌ನ ಕೆಳಗೆ ಹೊಲಿಗೆ ಹಾಕಲು ಯೋಗ್ಯವಾದ ನಾಳವೇ ಉಳಿದಿಲ್ಲದಿರಬಹುದು, ಇಲ್ಲವೇ ಆ ನಾಳ ಉಣಿಸುತ್ತಿದ್ದ ಸ್ನಾಯು ಹಳೆಯ ಹೃದಯಾಘಾತದಲ್ಲಿ ಸತ್ತು ಗಾಯದ ಕಲೆಯಾಗಿರಬಹುದು. ಸತ್ತ ಸ್ನಾಯುವಿಗೆ ರಕ್ತ ತಂದುಕೊಟ್ಟರೆ ಅದು ಮತ್ತೆ ಬಡಿಯುವುದಿಲ್ಲ. ‘ಡಾಕ್ಟರ್ ಆಪರೇಷನ್ ಆಗೂದಿಲ್ಲ ಅಂದ್ರು’ ಎಂದು ಹೈದರಾಬಾದಿನಿಂದ ಸೋಲಾಪುರಕ್ಕೆ, ಸೋಲಾಪುರದಿಂದ ಬೆಂಗಳೂರಿಗೆ ಅಲೆಯುವ ಮೊದಲು, ಅಡ್ಡಿಯಾಗಿರುವುದು ಯಾವುದು, ನಾಳವೋ ಸ್ನಾಯುವೋ ಅಥವಾ ಬೇರೆ ಅಂಗದ ದೌರ್ಬಲ್ಯವೋ ಎಂದು ಕೇಳಿ ತಿಳಿಯುವುದು ಹಣವನ್ನೂ ದೇಹವನ್ನೂ ಉಳಿಸುತ್ತದೆ.

ಇಂಥ ಅಲೆದಾಟ ನಮ್ಮ ಭಾಗಕ್ಕೆ ಹೊಸದಲ್ಲ. ಹೃದಯದ ವಿಷಯ ಬಂದರೆ ಬೀದರಿನವರು ಹೈದರಾಬಾದಿಗೆ, ಕಲಬುರಗಿಯವರು ಸೋಲಾಪುರಕ್ಕೋ ಹೈದರಾಬಾದಿಗೋ ರೈಲು ಹತ್ತುವುದು ದಶಕಗಳಿಂದ ನಡೆದುಬಂದಿದೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಕಟ್ಟಡ 371 ಹಾಸಿಗೆಗಳೊಂದಿಗೆ ಉದ್ಘಾಟನೆಯಾದ ಮೇಲೆ ಪರಿಸ್ಥಿತಿ ಬದಲಾಗುತ್ತಿದೆ. ಹಾಸಿಗೆಗಳ ಆ ಸಂಖ್ಯೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯನ್ನು ನೆನಪಿಸುವಂಥದ್ದು ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

ಆಪರೇಷನ್ನಿಗೆ ಮುಂಚಿನ ಪರೀಕ್ಷೆಗಳು ಹಲವು: ಹೃದಯದ ಎಕೋ, ಕುತ್ತಿಗೆಯ ನಾಳಗಳ ಡಾಪ್ಲರ್, ಕಿಡ್ನಿಯ ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ. ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಕ್ಲೊಪಿಡೊಗ್ರೆಲ್ ಅನ್ನು ಸಾಮಾನ್ಯವಾಗಿ ಐದು ದಿನ ಮೊದಲೇ ನಿಲ್ಲಿಸುತ್ತಾರೆ. ಆಸ್ಪಿರಿನ್ ಅನ್ನು ಹೆಚ್ಚಿನವರಲ್ಲಿ ಮುಂದುವರಿಸುತ್ತಾರೆ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು, ಪಕ್ಕದ ಹಾಸಿಗೆಯವರಲ್ಲ. ಬೀಡಿ, ಗುಟ್ಕಾ ಅಂದೇ ಬಿಡಬೇಕು.

ಹೃದಯದ ನಾಳಗಳ ಒಳಗನ್ನು ಜೀವಂತ ಮನುಷ್ಯನಲ್ಲಿ ನೋಡುವುದೇ 1958ರವರೆಗೆ ಆಗದ ಮಾತಾಗಿತ್ತು. ಆ ವರ್ಷ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಬೇರೊಂದು ಪರೀಕ್ಷೆ ನಡೆಸುತ್ತಿದ್ದಾಗ ಕ್ಯಾಥೆಟರ್ ಎಂಬ ತೆಳು ಕೊಳವೆಯ ತುದಿ ಜಾರಿ ಬಲ ಕರೊನರಿ ನಾಳದೊಳಗೆ ಹೋಗಿ, ಬಣ್ಣದ ದ್ರವ ಅಲ್ಲೇ ಚಿಮ್ಮಿತು. ಹೃದಯ ಕೆಲ ಕ್ಷಣ ನಿಂತಿತು, ರೋಗಿ ಉಳಿದರು, ಆಂಜಿಯೋಗ್ರಾಂ ಹುಟ್ಟಿತು. ರೋಗ ಎಲ್ಲಿದೆಯೆಂದು ಕಂಡ ಮೇಲೆ ಅದನ್ನು ದಾಟುವ ಯತ್ನಗಳು ಶುರುವಾದವು. 1964ರಲ್ಲಿ ಲೆನಿನ್‌ಗ್ರಾಡ್‌ನ ವಸಿಲಿ ಕೊಲೆಸೊವ್ ಎದೆಗೋಡೆಯ ನಾಳವನ್ನು ಹೃದಯಕ್ಕೆ ಹೊಲಿದರು. 1967ರಲ್ಲಿ ಅದೇ ಕ್ಲೀವ್‌ಲ್ಯಾಂಡ್‌ನಲ್ಲಿ ಅರ್ಜೆಂಟೀನಾ ಮೂಲದ ರೆನೆ ಫವಲೊರೊ ಕಾಲಿನ ಅಭಿಧಮನಿಯನ್ನು (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಬಳಸಿ ಈ ವಿಧಾನವನ್ನು ಜಗತ್ತಿಗೆ ಹರಡುವಂತೆ ಮಾಡಿದರು. ಭಾರತದ ಮೊದಲ ಬೈಪಾಸ್ 1975ರಲ್ಲಿ ಇಂದಿನ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರ ಕೈಯಿಂದ ನಡೆಯಿತು.

ಈಗ ಥಿಯೇಟರಿನ ಒಳಗೆ ನಡೆಯುವುದನ್ನು ನೋಡೋಣ. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಿ, ಎದೆಯ ನಡುವಿನ ಮೂಳೆಯನ್ನು ಮೇಲಿಂದ ಕೆಳಕ್ಕೆ ಗರಗಸದಿಂದ ಸೀಳಿ ಎರಡು ಬದಿಗೆ ಅಗಲಿಸುತ್ತಾರೆ. ಕೂಡಲೇ ಹೃದಯಕ್ಕೆ ಕೈಹಾಕುವುದಿಲ್ಲ. ಮೊದಲ ಕೆಲಸ ಹೊಸ ನಾಳಗಳನ್ನು ಹೊಂದಿಸಿಕೊಳ್ಳುವುದು. ಎದೆಮೂಳೆಯ ಎಡ ಅಂಚಿನ ಹಿಂಬದಿಯಲ್ಲಿ, ಗೋಡೆಗೆ ಅಂಟಿದಂತೆ ಮೇಲಿಂದ ಕೆಳಗೆ ಇಳಿಯುವ ಒಂದು ಅಪಧಮನಿಯಿದೆ. ವೈದ್ಯರು ಅದನ್ನು ‘ಲೀಮಾ’ ಎನ್ನುತ್ತಾರೆ. ಅದರ ಒಂದೊಂದು ಸಣ್ಣ ಕವಲನ್ನೂ ಕ್ಲಿಪ್ ಹಾಕಿ ಬಿಡಿಸುತ್ತ ಸುಮಾರು ಒಂದು ಗೇಣು ಉದ್ದದ ನಾಳವನ್ನು ಗೋಡೆಯಿಂದ ಬೇರ್ಪಡಿಸುತ್ತಾರೆ. ಮೇಲಿನ ತುದಿಯನ್ನು ಕತ್ತರಿಸುವುದಿಲ್ಲ. ಅದು ಎಡ ಭುಜದ ಕಡೆಗೆ ಹೋಗುವ ದೊಡ್ಡ ನಾಳಕ್ಕೆ ಅಂಟಿಕೊಂಡೇ ಇದ್ದು ಅಲ್ಲಿಂದಲೇ ರಕ್ತ ಪಡೆಯುತ್ತಿರುತ್ತದೆ. ಕೆಳತುದಿಯನ್ನು ಮಾತ್ರ ಕತ್ತರಿಸಿ, ರಕ್ತ ಚಿಮ್ಮುವ ಭರ ನೋಡಿ, ನಾಳ ಸೆಡೆತುಕೊಳ್ಳದಂತೆ ಔಷಧ ಸಿಂಪಡಿಸಿ, ಬೇಕಾಗುವ ಹೊತ್ತಿನವರೆಗೆ ಒತ್ತಿಹಿಡಿದು ಬದಿಗಿಡುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಕಾಲಿನ ಒಳಬದಿಯ ಚರ್ಮದ ಕೆಳಗಿನ ಉದ್ದನೆಯ ಅಭಿಧಮನಿಯನ್ನು ತೆಗೆಯುತ್ತಿರುತ್ತಾರೆ. ಕಾಲಿನ ರಕ್ತದ ಬಹುಪಾಲು ಆಳದ ಅಭಿಧಮನಿಗಳಿಂದಲೇ ಮೇಲೇರುವುದರಿಂದ ಇದಿಲ್ಲದೆಯೂ ಕಾಲು ನಿಭಾಯಿಸಿಕೊಳ್ಳುತ್ತದೆ. ಈ ಅಭಿಧಮನಿಯೊಳಗೆ ಒಮ್ಮುಖ ಕವಾಟಗಳಿವೆಯಾದ್ದರಿಂದ ಅದನ್ನು ತಲೆಕೆಳಗು ಮಾಡಿ ಜೋಡಿಸಬೇಕು. ಮರೆತರೆ ಕವಾಟಗಳೇ ರಕ್ತಕ್ಕೆ ಅಡ್ಡ ನಿಲ್ಲುತ್ತವೆ. ಕೆಲವರಲ್ಲಿ ಮುಂಗೈಯ ಅಪಧಮನಿಯನ್ನೂ ಬಳಸುತ್ತಾರೆ.

ಬಳಿಕ ಹೆಪಾರಿನ್ ಕೊಟ್ಟು ರಕ್ತ ಹೆಪ್ಪುಗಟ್ಟದಂತೆ ಮಾಡಿ ಹೃದಯ–ಶ್ವಾಸಕೋಶ ಯಂತ್ರಕ್ಕೆ ಜೋಡಿಸುತ್ತಾರೆ. 1953ರಲ್ಲಿ ಜಾನ್ ಗಿಬ್ಬನ್ ಮನುಷ್ಯನ ಮೇಲೆ ಮೊದಲ ಬಾರಿಗೆ ಯಶಸ್ವಿಯಾಗಿ ಬಳಸಿದ ಈ ಯಂತ್ರ, ಬಲ ಮೇಲ್ಕೋಣೆಗೆ ಬರುವ ರಕ್ತವನ್ನು ಕೊಳವೆಯಿಂದ ಹೊರಗೆ ಎಳೆದು, ಆಮ್ಲಜನಕ ಬೆರೆಸಿ, ಮಹಾಪಧಮನಿಗೆ ಮರಳಿ ತಳ್ಳುತ್ತದೆ. ಅದನ್ನು ನಡೆಸುವ ಪರ್ಫ್ಯೂಷನಿಸ್ಟ್ ಎಂಬ ತಂತ್ರಜ್ಞರ ಹೆಸರು ರೋಗಿಯ ಮನೆಯವರಿಗೆ ಗೊತ್ತಾಗುವುದೇ ಇಲ್ಲ, ಆದರೆ ಆ ಒಂದೆರಡು ಗಂಟೆ ರೋಗಿಯ ಹೃದಯವೂ ಶ್ವಾಸಕೋಶವೂ ಅವರ ಕೈಯಲ್ಲಿರುತ್ತವೆ. ಮಹಾಪಧಮನಿಗೆ ಅಡ್ಡಲಾಗಿ ಕ್ಲಾಂಪ್ ಹಾಕಿ, ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರಾವಣವನ್ನು ಕರೊನರಿ ನಾಳಗಳಿಗೆ ಹರಿಸಿದಾಗ ಹೃದಯ ಬಡಿತ ನಿಲ್ಲಿಸುತ್ತದೆ. ನಿಂತ, ತಣ್ಣಗಿನ ಹೃದಯಕ್ಕೆ ಆಮ್ಲಜನಕದ ಅಗತ್ಯ ಬಹಳ ಇಳಿಯುವುದರಿಂದ ಹೊಲಿಗೆಗೆ ಸಮಯ ಸಿಗುತ್ತದೆ.

ಇನ್ನು ಮುಂದಿನದೇ ಇಡೀ ಆಪರೇಷನ್ನಿನ ಜೀವಾಳ. ಬ್ಲಾಕ್‌ನ ಕೆಳಗೆ ಗೋಡೆ ಮೃದುವಾಗಿರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ ಆರಿಸುತ್ತಾರೆ. ಅಲ್ಲಿ ನಾಳದ ಒಳಅಳತೆ ಒಂದೂವರೆ, ಹೆಚ್ಚೆಂದರೆ ಎರಡು ಮಿಲಿಮೀಟರ್. ಅದರ ಮುಂಗೋಡೆಯಲ್ಲಿ ಮಾತ್ರ, ಹಿಂಗೋಡೆಗೆ ತಾಗದಂತೆ, ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದದ ಸೀಳು ಮಾಡುತ್ತಾರೆ. ಲೀಮಾದ ತುದಿಯನ್ನು ಓರೆಯಾಗಿ ಕತ್ತರಿಸಿ ಆ ಸೀಳಿಗೆ ಹೊಂದಿಸಿ, ಕೂದಲೆಳೆಗಿಂತ ತೆಳುವಾದ ಪಾಲಿಪ್ರೊಪಿಲೀನ್ ದಾರದಿಂದ ಸುತ್ತ ಹೊಲಿಯುತ್ತಾರೆ. ಕಣ್ಣಿಗೆ ವಸ್ತುಗಳನ್ನು ಎರಡೂವರೆಯಿಂದ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ ಕನ್ನಡಕವಿರುತ್ತದೆ. ಒಂದು ಹೊಲಿಗೆ ಎದುರು ಗೋಡೆಯನ್ನೂ ಸೇರಿಸಿ ಹಿಡಿದರೆ ನಾಳ ಮುಚ್ಚಿಹೋಯಿತು. ಅಂತರ ಹೆಚ್ಚಾದರೆ ರಕ್ತ ಸೋರುತ್ತದೆ. ದಾರವನ್ನು ಹೆಚ್ಚು ಬಿಗಿದರೆ ಬಾಯಿ ಸಂಚಿಯಂತೆ ಕುಗ್ಗುತ್ತದೆ. ನಾಲ್ಕು ಗಂಟೆಯ ಆಪರೇಷನ್ನಿನ ಫಲ ನಿಂತಿರುವುದು ಹತ್ತು ಹದಿನೈದು ನಿಮಿಷದ ಈ ಕುಸುರಿಯ ಮೇಲೆ. ಕಾಲಿನ ನಾಳಗಳಾದರೆ ಎರಡು ಹೊಲಿಗೆ ಬೇಕು: ಕೆಳತುದಿ ಕರೊನರಿಗೆ, ಮೇಲ್ತುದಿ ಮಹಾಪಧಮನಿಗೆ ಮಾಡಿದ ಪುಟ್ಟ ರಂಧ್ರಕ್ಕೆ. ಕ್ಲಾಂಪ್ ತೆಗೆದು ಬೆಚ್ಚನೆಯ ರಕ್ತ ಹರಿದೊಡನೆ ಹೃದಯ ಬಹಳ ಸಲ ತಾನಾಗಿಯೇ, ಕೆಲವೊಮ್ಮೆ ಸಣ್ಣ ವಿದ್ಯುತ್ ಆಘಾತದ ನೆರವಿನಿಂದ, ಮತ್ತೆ ಬಡಿಯತೊಡಗುತ್ತದೆ. ಹೆಪಾರಿನ್ನಿನ ಪರಿಣಾಮವನ್ನು ಪ್ರೊಟಮಿನ್ ಎಂಬ ಔಷಧದಿಂದ ತಗ್ಗಿಸಿ, ಸೋರಿದ ರಕ್ತ ಹೊರಬರಲು ಕೊಳವೆಗಳನ್ನಿಟ್ಟು, ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಕಟ್ಟಿ ಮುಚ್ಚುತ್ತಾರೆ. ಆ ತಂತಿಗಳು ಅಲ್ಲೇ ಉಳಿಯುತ್ತವೆ, ಮುಂದೆ ತೆಗೆಸುವ ಅಗತ್ಯವಿಲ್ಲ.

ಯಂತ್ರಕ್ಕೆ ಜೋಡಿಸದೆ, ಹೃದಯವನ್ನು ನಿಲ್ಲಿಸದೆಯೂ ಇದನ್ನು ಮಾಡಬಹುದು. ಹೊಲಿಗೆ ಹಾಕುವ ಅಂಗುಲದಷ್ಟು ಜಾಗವನ್ನು ಹೀರುಬಟ್ಟಲುಗಳಿರುವ ಸಾಧನದಿಂದ ಅಲುಗದಂತೆ ಹಿಡಿದು, ಉಳಿದ ಹೃದಯ ಬಡಿಯುತ್ತಿರುವಾಗಲೇ ನಾಳ ಕೂಡಿಸುವ ಈ ‘ಬೀಟಿಂಗ್ ಹಾರ್ಟ್’ ವಿಧಾನ ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ಬಳಕೆಯಲ್ಲಿದೆ. ಯಾವುದು ಮೇಲೆಂಬ ವಾದ ಶಸ್ತ್ರಚಿಕಿತ್ಸಕರಲ್ಲೇ ಮುಗಿದಿಲ್ಲ. ತನಗೆ ಚೆನ್ನಾಗಿ ಕೈಹಿಡಿದ ವಿಧಾನವನ್ನು ಅನುಭವಿ ಶಸ್ತ್ರಚಿಕಿತ್ಸಕರು ಅನುಸರಿಸುವುದೇ ರೋಗಿಗೆ ಕ್ಷೇಮ.

ಎದೆಯ ನಾಳಕ್ಕೂ ಕಾಲಿನ ನಾಳಕ್ಕೂ ಬಾಳಿಕೆಯಲ್ಲಿ ಅಜಗಜಾಂತರವಿದೆ. ಎಲ್‌ಎಡಿಗೆ ಜೋಡಿಸಿದ ಲೀಮಾ ಹತ್ತು ವರ್ಷಗಳ ಬಳಿಕವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನ ನಾಳಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮೊದಲ ವರ್ಷದಲ್ಲೇ ಮುಚ್ಚಿಹೋಗುತ್ತವೆ, ಹತ್ತು ವರ್ಷದ ಹೊತ್ತಿಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಅಭಿಧಮನಿ ಹುಟ್ಟಿದ್ದು ಕಡಿಮೆ ಒತ್ತಡದ ನಿಧಾನ ಹರಿವಿಗೆ. ಅದನ್ನು ತಂದು ಮಹಾಪಧಮನಿಯ ಹತ್ತಾರು ಪಟ್ಟು ಒತ್ತಡಕ್ಕೆ ಒಡ್ಡಿದಾಗ ಅದರ ಗೋಡೆ ದಪ್ಪವಾಗುತ್ತ, ಕ್ರಮೇಣ ಕೊಬ್ಬು ಸೇರಿಸಿಕೊಳ್ಳುತ್ತದೆ. ಲೀಮಾದ ಗೋಡೆಯ ಸ್ಥಿತಿಸ್ಥಾಪಕ ಪದರ ಹೆಚ್ಚು ಬಿರುಕುಗಳಿಲ್ಲದ್ದು. ನಾಳವನ್ನು ಹಿಗ್ಗಿಸಿ, ಹೆಪ್ಪು ಕಟ್ಟದಂತೆ ನೋಡಿಕೊಳ್ಳುವ ನೈಟ್ರಿಕ್ ಆಕ್ಸೈಡನ್ನು ಅದರ ಒಳಪದರ ಧಾರಾಳವಾಗಿ ಸ್ರವಿಸುತ್ತದೆ. ಹಾಗಾದರೆ ಬಲಗಡೆಯ ಜೋಡಿನಾಳವನ್ನೂ ಎಲ್ಲರಲ್ಲೂ ಬಳಸಬಾರದೇಕೆ? ಎರಡನ್ನೂ ತೆಗೆದರೆ ಎದೆಮೂಳೆಗೆ ರಕ್ತ ಕಡಿಮೆಯಾಗಿ ಗಾಯ ಮಾಯದೆ ಸೋಂಕು ತಗಲುವ ಭಯ ಹೆಚ್ಚುತ್ತದೆ, ಅದರಲ್ಲೂ ಸಕ್ಕರೆ ಹತೋಟಿಯಲ್ಲಿಲ್ಲದ ಸ್ಥೂಲಕಾಯದವರಲ್ಲಿ.

ಯೋಜಿಸಿ ಮಾಡಿದ ಬೈಪಾಸ್‌ನಲ್ಲಿ ಜೀವಹಾನಿಯ ಸಾಧ್ಯತೆ ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ ಒಂದೆರಡು. ವಯಸ್ಸು, ಕಿಡ್ನಿ, ಪಂಪಿಂಗ್ ಶಕ್ತಿ, ತುರ್ತುಸ್ಥಿತಿ ಇವುಗಳಿಗೆ ತಕ್ಕಂತೆ ಈ ಅಂಕಿ ಏರುತ್ತದೆ. ಮೊದಲ ಕೆಲ ದಿನಗಳಲ್ಲಿ ಬಡಿತ ತಾಳತಪ್ಪುವುದು ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಕಾಣುವ ತೊಂದರೆ, ಬಹುತೇಕ ಔಷಧಿಗೆ ಬಗ್ಗುತ್ತದೆ. ಐಸಿಯುನಲ್ಲಿ ಒಂದೆರಡು ದಿನ, ಆಸ್ಪತ್ರೆಯಲ್ಲಿ ಒಟ್ಟು ಸುಮಾರು ಒಂದು ವಾರ ಇರಬೇಕಾಗುತ್ತದೆ.

ಮನೆಗೆ ಬಂದ ಮೇಲೆ ನಮ್ಮ ಕಡೆ ತೊಡಕಾಗುವುದು ಹೃದಯಕ್ಕಿಂತ ಮೊದಲು ಎದೆಮೂಳೆ. ಅದು ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ನೀರಿನ ಕೊಡ, ಜೋಳದ ಚೀಲ, ಮೊಮ್ಮಕ್ಕಳು ಯಾವುದನ್ನೂ ಎತ್ತಬಾರದು, ಬೈಕ್ ಓಡಿಸಬಾರದು, ನೆಲದ ಮೇಲೆ ಕುಳಿತು ಎರಡೂ ಕೈ ಊರಿ ಏಳಬಾರದು. ಕಟ್ಟೆಯಂಥ ಎತ್ತರದ ಆಸನ, ಕುರ್ಚಿಯಂಥ ಕಮೋಡ್ ಈ ಮೂರು ತಿಂಗಳಿಗಾದರೂ ಇರಲಿ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ಗಾಯ ಕೆಂಪಾಗಿ ಕೀವು ಸೋರಿದರೆ, ಜ್ವರ ಬಂದರೆ, ಉಸಿರೆಳೆದಾಗ ಮೂಳೆ ‘ಕಟಕ್’ ಎಂದು ಅಲುಗಿದರೆ ಆ ದಿನವೇ ತೋರಿಸಬೇಕು. ಕಲಬುರಗಿಯ ಮೇ ತಿಂಗಳ 42–43 ಡಿಗ್ರಿ ಬಿಸಿಲಿನಲ್ಲಿ ಇನ್ನೊಂದು ಎಚ್ಚರ: ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿ ಮಾತ್ರೆಗಳ ಜೊತೆ ಬೆವರೂ ಸೇರಿ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ನೀರು ಎಷ್ಟು ಕುಡಿಯಬೇಕೆಂದು ಬಿಡುಗಡೆಯ ದಿನವೇ ಅಳತೆ ಹೇಳಿಸಿಕೊಳ್ಳುವುದು ಒಳಿತು. ನಡಿಗೆ ಬೆಳಗಿನ ಜಾವಕ್ಕೇ ಮುಗಿಯಲಿ, ಆದರೆ ತಪ್ಪದಿರಲಿ.

ರೋಗ ಹುಟ್ಟಿಸಿದ ಕಾರಣಗಳನ್ನು ಆಪರೇಷನ್ ಮುಟ್ಟಿರುವುದಿಲ್ಲ. ಆಸ್ಪಿರಿನ್ ಹೊಸ ನಾಳದಲ್ಲಿ ಹೆಪ್ಪು ಕಟ್ಟದಂತೆ, ಸ್ಟಾಟಿನ್ ಅದರ ಗೋಡೆಗೆ ಕೊಬ್ಬು ಸೇರದಂತೆ ನೋಡಿಕೊಳ್ಳುತ್ತವೆ. ‘ಕೊಲೆಸ್ಟರಾಲ್ ನಾರ್ಮಲ್ ಬಂತು’ ಎಂದು ಸ್ಟಾಟಿನ್ ನಿಲ್ಲಿಸುವುದು ನಾನು ಕಂಡಂತೆ ಅತ್ಯಂತ ಸಾಮಾನ್ಯವಾದ ಅವಿವೇಕ. ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ, ಮೇಲಾಗಿ ಬೈಪಾಸ್ ಆದವರಿಗೆ ಲ್ಯಾಬ್ ಚೀಟಿಯ ನಾರ್ಮಲ್ ಸಾಲದು, ಎಲ್‌ಡಿಎಲ್ 70ಕ್ಕಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗಿರಬೇಕು. ಜೋಳದ ರೊಟ್ಟಿ, ಬೇಳೆ, ಪಲ್ಯದ ನಮ್ಮ ಊಟದಲ್ಲಿ ಬದಲಿಸಬೇಕಾದದ್ದು ಹೆಚ್ಚಿಲ್ಲ: ರೊಟ್ಟಿಯ ಎಣಿಕೆ, ಎಣ್ಣೆ, ಉಪ್ಪಿನಕಾಯಿ–ಹಪ್ಪಳದ ಉಪ್ಪು, ಸಂಜೆಯ ಮಿರ್ಚಿ ಭಜಿ. ‘ಆಪರೇಷನ್ ಆಗೇದ, ಪುಂಡಿಪಲ್ಯ ತಿನ್ನಬಾರದು’ ಎಂಬ ಮಾತು ಕೆಲವೆಡೆ ಕೇಳಿಬರುತ್ತದೆ. ಸೊಪ್ಪಿನ ಪ್ರಮಾಣದಲ್ಲಿ ಏರಿಳಿತ ಬೇಡವೆಂಬ ಎಚ್ಚರಿಕೆ ಕೃತಕ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರಾಂ ಮಾತ್ರೆ ತೆಗೆದುಕೊಳ್ಳುವವರಿಗೆ ಸಂಬಂಧಿಸಿದ್ದು. ಆಸ್ಪಿರಿನ್ ಮಾತ್ರ ಇರುವ ಬೈಪಾಸ್ ರೋಗಿಗೆ ಪುಂಡಿಯೂ ಮೆಂತ್ಯವೂ ಧಾರಾಳವಾಗಿ ಆಗುತ್ತವೆ.

ವರ್ಷಗಳ ಬಳಿಕ ಎದೆನೋವು ಮರಳಿದರೆ ಮತ್ತೆ ಆಂಜಿಯೋಗ್ರಾಂ ಬೇಕಾಗಬಹುದು, ಹಲವರಲ್ಲಿ ಆಗ ಸ್ಟೆಂಟ್‌ನಿಂದಲೇ ಕೆಲಸ ಆಗುತ್ತದೆ. ಆ ದಿನಕ್ಕಾಗಿ ಡಿಸ್ಚಾರ್ಜ್ ಕಾರ್ಡ್ ಮತ್ತು ಆಪರೇಷನ್ ವಿವರದ ಹಾಳೆಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಬೇಕು. ಯಾವ ನಾಳವನ್ನು ಎಲ್ಲಿಂದ ತಂದು ಎಲ್ಲಿಗೆ ಹೊಲಿದಿದ್ದಾರೆಂದು ಅದರಲ್ಲಿ ಬರೆದಿರುತ್ತದೆ. ಅದು ಇಲ್ಲದಿದ್ದರೆ ವೈದ್ಯರು ಮಹಾಪಧಮನಿಯಲ್ಲಿ ಒಂದೊಂದು ನಾಳದ ಬಾಯಿಯನ್ನೂ ಹುಡುಕುತ್ತ ಹೋಗಬೇಕು, ಕಿಡ್ನಿಗೆ ಭಾರವಾಗುವ ಬಣ್ಣದ ದ್ರವವನ್ನು ಅಷ್ಟು ಹೆಚ್ಚಾಗಿ ಹಾಕಬೇಕು. ಲೀಮಾ ಹೊರಡುವುದು ಎಡಗೈಗೆ ಹೋಗುವ ನಾಳದಿಂದಾದ್ದರಿಂದ ಅಂಥವರಿಗೆ ಬಲಗೈ ಬಿಟ್ಟು ಎಡ ಮಣಿಕಟ್ಟಿನಿಂದಲೋ ತೊಡೆಯಿಂದಲೋ ಕ್ಯಾಥೆಟರ್ ಹಾಕುವುದು ವಾಡಿಕೆ. ಎಡ ಮುಂಗೈಯ ನಾಳವನ್ನೇ ಬೈಪಾಸ್‌ಗೆ ತೆಗೆದುಬಿಟ್ಟಿದ್ದರೆ ಉಳಿಯುವುದು ತೊಡೆಯ ದಾರಿ.